ಎರಡು ತಿಂಗಳ ಶಿವದಾರ

ಜುಲೈ ತಿಂಗಳು ಮುಗಿಯುವ ಹೊತ್ತಿಗೆ ನನ್ನ ಅಣ್ಣನ ಕೊರಳ ಸುತ್ತ ದಾರದಷ್ಟೇ ತೆಳ್ಳನೆಯ ಬಿಳಿ ಗೆರೆಯೊಂದು ಮೂಡಿರುತ್ತಿತ್ತು. ವರ್ಷದ ಉಳಿದ ಹತ್ತು ತಿಂಗಳು ಸಮುದ್ರದ ಬಿಸಿಲಿಗೆ ಬೆಂದು ಅವನ ಮೈ ಸುಟ್ಟ ಹೆಂಚಿನ ಹಾಗೆ ಆಗಿದ್ದುದರಿಂದ ಆ ಗೆರೆ ದೂರದಿಂದಲೂ ಕಾಣುತ್ತಿತ್ತು. ಅದು ಶಿವದಾರದ ಗುರುತು. ನಮ್ಮ ಮನೆಯಲ್ಲಿ ಇರುವ ಎರಡು ತಿಂಗಳು ಅವನು ಲಿಂಗ ಕಟ್ಟಿಕೊಳ್ಳುತ್ತಿದ್ದ. ಹೊರಡುವ ದಿನ ಬಿಚ್ಚಿ, ಕಣ್ಣಿಗೆ ಒತ್ತಿಕೊಂಡು, ನನ್ನ ಕೈಯಲ್ಲಿ ಇಡುತ್ತಿದ್ದ.

"ದಿನಾ ಒಂದ ಪತ್ರಿ ಏರಸವಾ ತಂಗಿ. ಅಷ್ಟ ಸಾಕು."

ಅವನು ನನ್ನನ್ನು ಕೇಳಿಕೊಂಡದ್ದು ಅದೊಂದೇ. ಅದನ್ನು ನಾನು ಮಾಡಲಿಲ್ಲ. ಮಾಡುತ್ತಿದ್ದೇನೆಂದು ಸುಳ್ಳು ಹೇಳಿದೆ. ಅದಕ್ಕಿಂತ ದೊಡ್ಡ ತಪ್ಪೊಂದನ್ನೂ ಮಾಡಿದೆ. ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು, ಬರೆದು ರೂಢಿಯಿಲ್ಲ. ಬಾಯಲ್ಲಿ ಹೇಳಲು ಹೋದರೆ ಅರ್ಧಕ್ಕೇ ಅಳು ಬರುತ್ತದೆಂದು ಬರೆಯಲು ಕೂತಿದ್ದೇನೆ.

ನಮ್ಮದು ಇಳಕಲ್ಲಿನ ನೇಕಾರರ ಮನೆತನ, ಲಿಂಗ ಕಟ್ಟಿಕೊಂಡವರು. ಅಪ್ಪ ತೀರಿಕೊಂಡಾಗ ಅಣ್ಣನಿಗೆ ಹದಿನೇಳು, ನನಗೆ ಹದಿಮೂರು. ಅಣ್ಣ ಮೊದಲು ಕಲ್ಲಿನ ಪಾಲಿಶ್ ಕೆಲಸಕ್ಕೆ ಹೋದ. ಕಲ್ಲಿನ ಧೂಳು ಅವನ ಎದೆಗೆ ಒಗ್ಗಲಿಲ್ಲ, ರಾತ್ರಿಯಿಡೀ ಕೆಮ್ಮುತ್ತಿದ್ದ. ಹುನಗುಂದ ಕಡೆಯ ಹಳ್ಳಿಗಳಿಂದ ಮಲ್ಪೆ ಬಂದರಿನ ಬೋಟುಗಳಿಗೆ ಕೆಲಸಕ್ಕೆ ಹೋಗುವವರ ಗುಂಪೊಂದಿತ್ತು. ಅವರ ಜೊತೆ ಬಸ್ಸು ಹತ್ತಿದ. ಹೊರಡುವ ಮುಂಜಾನೆ ಲಿಂಗ ಬಿಚ್ಚಿ ಅವ್ವನ ಕೈಗೆ ಕೊಟ್ಟ. "ಮೀನ ಮುಟ್ಟೂ ಕೈಯವ್ವಾ. ಅಲ್ಲಿ ಬ್ಯಾಡ. ಇಲ್ಲೇ ಇರಲಿ" ಎಂದ. ಅವ್ವ ಅದನ್ನು ದೇವರ ಜಗಲಿಯ ಮೇಲಿಟ್ಟಳು. ಓಣಿಯವರು ಕೇಳಿದಾಗ, "ಮಂಗಳೂರಾಗ ಹೊಟೇಲದಾಗ ಅದಾನ" ಎಂದಳು. ನಮ್ಮ ಮನೆಯ ಮೊದಲ ಸುಳ್ಳು ಅವ್ವನದು. ಅವಳು ಹೋದ ಮೇಲೆ ಲಿಂಗವೂ ಸುಳ್ಳೂ ಎರಡೂ ನನ್ನ ಪಾಲಿಗೆ ಬಂದವು. ಅಣ್ಣ ಲಗ್ನವಾಗಲಿಲ್ಲ. ನನ್ನ ಗಂಡನ ಮನೆಯೂ ಇಳಕಲ್ಲಿನಲ್ಲೇ ಇದ್ದುದರಿಂದ, ಅವನಿಗೆ ಬರಲಿಕ್ಕೆ ಇದ್ದ ಮನೆಯೆಂದರೆ ನನ್ನದೊಂದೇ.

ಮಳೆಗಾಲದ ಮೊದಲ ಎರಡು ತಿಂಗಳು ಕರಾವಳಿಯಲ್ಲಿ ಯಂತ್ರದ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಅದು ಮೀನು ತತ್ತಿ ಇಡುವ ಕಾಲ. ಸರಕಾರದವರು ಅದಕ್ಕೆ ಏನೋ ದೊಡ್ಡ ಹೆಸರಿಟ್ಟಿದ್ದಾರೆ. ಅಣ್ಣ ಮಾತ್ರ "ಮೀನಿನ ಸೂಟಿ" ಎನ್ನುತ್ತಿದ್ದ. "ಮೀನಿಗೂ ಸೂಟಿ, ನನಗೂ ಸೂಟಿ. ಅವು ಹಡ್ಯಾಕ ದಂಡಿಗೆ ಬರ್ತಾವ, ನಾ ತಂಗಿ ಮನಿಗೆ ಬರ್ತೇನಿ." ಜೂನ್ ಬಂತೆಂದರೆ ಒಂದು ಸಂಜೆ ಹೆಗಲಿಗೆ ಚೀಲ ಹಾಕಿಕೊಂಡು ಓಣಿಯ ತಿರುವಿನಲ್ಲಿ ಕಾಣಿಸಿಕೊಳ್ಳುತ್ತಿದ್ದ. ನೇರ ಒಳಗೆ ಬರುತ್ತಿರಲಿಲ್ಲ, ಹಿತ್ತಲಿಗೆ ಹೋಗುತ್ತಿದ್ದ. ಅಲ್ಲಿ ನಾನು ಬಿಸಿನೀರು, ಕಡಲೆಹಿಟ್ಟು, ಹುಣಸೆಹಣ್ಣು ಇಟ್ಟಿರುತ್ತಿದ್ದೆ. ಮೂರು ಸಲ ಮೈ ತಿಕ್ಕಿಕೊಂಡು, ಹೊಸ ಧೋತರ ಉಟ್ಟು, ವಿಭೂತಿ ಹಚ್ಚಿಕೊಂಡು, ಆಮೇಲೆ "ಕೊಡವಾ" ಎಂದು ಲಿಂಗಕ್ಕೆ ಕೈಚಾಚುತ್ತಿದ್ದ. ಅವನ ತಾಟು ಬೇರೆ ಇತ್ತು. ಅದನ್ನು ಹಿತ್ತಲ ಗೋಡೆಯ ಮೇಲೆ ಬೋರಲು ಇಡುತ್ತಿದ್ದೆ. ಉಂಡ ಮೇಲೆ ತಾನೇ ತೊಳೆದು ಅಲ್ಲೇ ಇಡುತ್ತಿದ್ದ. ಇದು ಅವ್ವನ ಕಾಲದ ಪದ್ಧತಿ, ನಾನು ಮುಂದುವರಿಸಿದೆ. ಯಾಕೆ ಎಂದು ಅವನು ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ.

ನೇಕಾರನ ಮಗನ ಬೆರಳು ಬಂದರಿನಲ್ಲಿ ಅನ್ನಕ್ಕೆ ದಾರಿಯಾಯಿತು. ಹರಿದ ಬಲೆಯನ್ನು ಅವನಷ್ಟು ಹದವಾಗಿ ಹೊಲಿಯುವವರು ಅಲ್ಲಿ ಇರಲಿಲ್ಲವಂತೆ. ಬಲೆಯ ಬಗ್ಗೆ ಹೇಳುವಾಗ ಅವನು ನನ್ನ ಕೈಯ ರೇಷ್ಮೆ ಎಳೆ ಇಸಿದುಕೊಂಡು ಬೆರಳ ನಡುವೆ ಗಂಟು ಹಾಕಿ ತೋರಿಸುತ್ತಿದ್ದ. "ನೋಡ ತಂಗಿ, ಬಲಿಗೆ ಕಣ್ಣಿರತಾವ. ಈ ಕಣ್ಣು ದೊಡ್ಡದಿದ್ರ ಸಣ್ಣ ಮರಿ ಪಾರಾಗಿ ಹೋಗತಾವ. ಸಣ್ಣದ ಮಾಡಿದಿ, ಎಲ್ಲಾ ಬಳದ ಬರತಾವ. ಬಲಿ ಅನ್ನೂದು ಹಿಡ್ಯಾಕಷ್ಟ ಅಲ್ಲ, ಬಿಡಾಕೂ ಇರಬೇಕು."

ಒಂದು ವರ್ಷ ಅವನು ದುಡಿಯುತ್ತಿದ್ದ ಬೋಟಿನ ಮಾಲೀಕ, ಬಲೆಯ ಬಾಲಕ್ಕೆ ಸಣ್ಣ ಕಣ್ಣಿನ ಚೀಲ ಹೊಲಿದು ಕೊಡು ಎಂದ. ಸೂಟಿ ಮುಗಿದು ಬೋಟು ಇಳಿಯುವ ಸಮಯ, ಸಮುದ್ರದ ತುಂಬ ಬೆರಳುದ್ದದ ಬಂಗುಡೆ ಮರಿಗಳು. ಅವನ್ನು ರಾಶಿ ರಾಶಿ ಹಿಡಿದು ಹಿಟ್ಟು ಮಾಡುವ ಗಿರಣಿಗೆ ಹಾಕುತ್ತಾರೆ. ಅಣ್ಣ ಎರಡು ದಿನ ಕೂತು ಚೀಲ ಹೊಲಿದ, ಆದರೆ ಅಗಲ ಕಣ್ಣಿನದು. ಬೋಟು ಹೋಗಿ ಬಲೆ ಎಳೆದರೆ ದೊಡ್ಡ ಮೀನು ನಾಲ್ಕು ಬುಟ್ಟಿ ಉಳಿದಿದ್ದವು, ಮರಿಯೊಂದೂ ಇಲ್ಲ. ಮಾಲೀಕ ಅಂದೇ ಅವನನ್ನು ಇಳಿಸಿಬಿಟ್ಟ.

"ಬೈದಿಲ್ಲೇನು?" ಎಂದು ನನ್ನ ಗಂಡ ಕೇಳಿದರೆ ಅಣ್ಣ ನಕ್ಕ. "ಬೈದಾ. ಘಟ್ಟದ ಮೇಲಿನವ ನಮಗೆ ಮೀನು ಕಲಿಸುದಾ ಮಾರಾಯ ಅಂದಾ. ನಾ ಅಂದೆ, ಕಲಸಾಕ ಬಂದಿಲ್ರಿ, ಹೊಲ್ಯಾಕ ಬಂದೇನಿ, ನನಗ ಬರೂದು ಇದೊಂದ ಹೊಲಿಗಿ."

ಆ ಬೋಟು ಬಿಟ್ಟದ್ದು ಒಳ್ಳೆಯದೇ ಆಯಿತು. ಮೀನಿನ ಮೇಲೆ ಓದಿದ ಒಬ್ಬ ಮೇಡಂ ಬಂದರಿಗೆ ಬರುತ್ತಿದ್ದರಂತೆ. ಈ ಸುದ್ದಿ ಕೇಳಿ ಅವನನ್ನು ಹುಡುಕಿಕೊಂಡು ಬಂದು, ತಮ್ಮ ಅಳತೆಯ ಕೆಲಸಕ್ಕೆ ಹಚ್ಚಿಕೊಂಡರು. ಅಂದಿನಿಂದ ಅವನ ಕೆಲಸವೆಂದರೆ ಬೋಟುಗಳು ಬಂದು ಮೀನು ಸುರಿದಾಗ ಹಿಡಿಯಷ್ಟು ಆರಿಸಿ, ಮರದ ಹಲಗೆಯ ಮೇಲಿಟ್ಟು ಉದ್ದ ನೋಡಿ ಬರೆಯುವುದು, ಹೊಟ್ಟೆ ಸೀಳಿ ತತ್ತಿ ಕಟ್ಟಿದೆಯೋ, ಇಟ್ಟು ಖಾಲಿಯಾಗಿದೆಯೋ, ಇನ್ನೂ ಎಳೆಯದೋ ನೋಡಿ ಬರೆಯುವುದು. ಏಳನೆಯ ಇಯತ್ತೆ ಓದಿದವನು ವಹಿಯ ಮೇಲೆ ವಹಿ ತುಂಬಿಸಿದ.

ನಮ್ಮ ಮಗ್ಗದ ಕಂಬದ ಮೇಲೆ ಅವನು ಕೊರೆದ ಎರಡು ಗೆರೆ ಇವತ್ತಿಗೂ ಇವೆ. ಆಗ ನನ್ನ ಮಗಳು ಐದನೆಯ ಇಯತ್ತೆಯಲ್ಲಿದ್ದಳು. ಮಳೆ ಹಿಡಿದ ಮಧ್ಯಾಹ್ನ, ಗಂಡ ಮಗ್ಗದ ಕುಣಿಯಲ್ಲಿ ಕೂತು ನೇಯುತ್ತಿದ್ದ, ನಾನು ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಮಗಳು ಕೇಳಿದಳು: "ಮಾಮಾ, ಸಮುದ್ರದಾಗ ಅಷ್ಟೊಂದ ನೀರ ಐತಿ. ಮೀನು ಎಂದಾರ ಖಾಲಿ ಅಕ್ಕಾವೇನು?"

"ಅಕ್ಕಾವವ್ವಾ. ನಿಮ್ಮವ್ವ ಪಂಚಮಿಗೆ ಉಂಡಿ ಕಟ್ಟಿ ದೊಡ್ಡ ಡಬ್ಬಿ ತುಂಬಸತಾಳ. ಡಬ್ಬಿ ದೊಡ್ಡದೈತಂತ ಉಂಡಿ ಖಾಲಿ ಆಗೂದು ಬಿಡತಾವೇನು?"

ಆಮೇಲೆ ಸಣ್ಣ ಚಾಕು ತೆಗೆದು ಕಂಬದ ಮೇಲೆ ಕೆಳಗೊಂದು ಮೇಲೊಂದು ಗೆರೆ ಎಳೆದ. ನಡುವೆ ಒಂದು ಗೇಣಿಗೆ ಸ್ವಲ್ಪ ಕಡಿಮೆ. "ಬಂಗಡಿ ಮೀನು ಇಷ್ಟುದ್ದ ಆದಮ್ಯಾಲನ ಮೊದಲನೇ ಸಲ ತತ್ತಿ ಇಡತೈತಿ. ಇದಕ್ಕಿಂತ ಸಣ್ಣದನ್ನ ಹಿಡದ್ವಿ ಅಂದ್ರ ಅದು ಒಮ್ಮೀನೂ ತಾಯಿ ಆಗದ ಹೋತು. ಹಿಡದದ್ದು ಒಂದ ಮೀನಲ್ಲ, ಅದರ ಹೊಟ್ಟ್ಯಾಗ ಮುಂದ ಬರೂವು ಎಲ್ಲಾ ಹ್ವಾದು."

"ತಾಯಿ ಮೀನು ಮರಿ ಸಾಕೂದಿಲ್ಲೇನು?"

"ಇಲ್ಲವಾ. ಮಳಿಗಾಲದಾಗ ಸಮುದ್ರದ ತಳದ ತಣ್ಣನ ನೀರು ಮ್ಯಾಲ ಬರತೈತಿ. ಅದರಾಗ ಮರಿಗೆ ತಿನ್ನಾಕ ಸಿಗತೈತಿ. ಅದನ್ನ ನೋಡಿ ತಾಯಿ ತತ್ತಿ ಬಿಟ್ಟು ಹೋಗತೈತಿ, ಹೊಳ್ಳಿ ನೋಡೂದಿಲ್ಲ. ಆ ಎರಡು ತಿಂಗಳು ನಾವು ಸುಮ್ನಿದ್ದರ ಸಾಕು. ಸುಮ್ನಿರೂದ ಸಾಕಿದಂಗ."

"ನನ್ನ ಮಗ್ಗಕ್ಕ ಮೀನಿನ ಗುರುತ ಹಾಕಿದೆಲ್ಲೋ ಭಾವಾ!" ಎಂದ ನನ್ನ ಗಂಡ. "ಇದರಾಗ ನೇದ ಸೀರಿ ಉಟ್ಟಾಕಿ ಹೊಳಿಗೆ ಹ್ವಾದ್ರ ಈಸಕೊಂತ ಹೋಗಿಬಿಟ್ಟಾಳು!"

ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಅಣ್ಣ ಆ ಗೆರೆಯ ಮೇಲೆ ಹೆಬ್ಬೆರಳು ಆಡಿಸುತ್ತ, ನನ್ನ ಕಡೆ ನೋಡದೆ ಹೇಳಿದ: "ನಿನ್ನ ಲಗ್ನ ಮಾಡುವಾಗ ಯಾರೂ ಅಳತಿ ಹಚ್ಚಲಿಲ್ಲ ತಂಗಿ. ಹದಿನೈದಕ್ಕ ಕೊಟ್ಟಬಿಟ್ವಿ. ನಾನೂ ಬ್ಯಾಡ ಅನ್ನಲಿಲ್ಲ. ತಪ್ಪಾತು." ತಪ್ಪಾಯಿತೆನ್ನುವುದು ಅವನಿಗೆ ಅಷ್ಟು ಸಲೀಸಾಗಿತ್ತು. ಮಗಳ ಕಡೆ ತಿರುಗಿ, "ಈಕೀನ್ನ ಮಾತ್ರ ಕಾಲೇಜ ಮುಗ್ಯೂತನಕ ಮುಟ್ಟಬ್ಯಾಡ್ರಿ" ಎಂದ. ಮುಟ್ಟಲಿಲ್ಲ. ಅವಳು ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದ್ದು ಅವನ ಆ ಒಂದು ಮಾತಿನಿಂದ.

ಇನ್ನೊಂದು ಸಲ ಅವಳಿಗೆ ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದಾದ ಬಿಳಿ ಹರಳೊಂದನ್ನು ತಂದುಕೊಟ್ಟ. ಬೆಳಕಿಗೆ ಹಿಡಿದರೆ ಅದರೊಳಗೆ ಒಂದರ ಸುತ್ತ ಒಂದು ಸಣ್ಣ ಸುತ್ತುಗಳು. ಮಗಳು ಅದನ್ನು ವಾರವಿಡೀ ಕಂಪಾಸಿನ ಡಬ್ಬಿಯಲ್ಲಿಟ್ಟುಕೊಂಡು ಓಡಾಡಿದಳು. ಅದು ಮೀನಿನ ತಲೆಯೊಳಗಿನ ಕಲ್ಲು, ಗಿಡದ ಬೊಡ್ಡೆಯ ಸುತ್ತು ಎಣಿಸಿದ ಹಾಗೆ ಅದರ ಸುತ್ತು ಎಣಿಸಿ ಮೀನಿನ ವಯಸ್ಸು ಹೇಳುತ್ತಾರೆ ಎಂದು ಆಮೇಲೆ ಗೊತ್ತಾಯಿತು. ನಾನು ಅದನ್ನು ಕಸಿದು ಗಟಾರಕ್ಕೆ ಎಸೆದು, ಹುಡುಗಿಗೆ ತಲೆ ಮೇಲೆ ನೀರು ಹಾಕಿದೆ. ಅಣ್ಣ ಹೊಸ್ತಿಲ ಮೇಲೆ ನಿಂತು ಎಲ್ಲ ನೋಡಿದ. ಅಳುತ್ತಿದ್ದ ಮಗಳಿಗೆ, "ಹೋಗಲಿ ಬಿಡವಾ, ಸಮುದ್ರದಾಗ ಭಾಳ ಅದಾವ" ಎಂದ. ನನಗೆ ಏನೂ ಅನ್ನಲಿಲ್ಲ. ಅನ್ನಬೇಕಿತ್ತು.

ಅವನು ಆಗಾಗ ಹೇಳುತ್ತಿದ್ದ ಇನ್ನೊಂದು ಮಾತಿದೆ. "ಒಂದು ಮಳಿಗಾಲ ಕೆಡಿಸಿದ್ರ, ಮರುವರ್ಷ ಕೈಮಾಡಿ ಕರದ್ರೂ ಮೀನು ಬರೂದಿಲ್ಲ. ಮೂರು ವರ್ಷ ಹಿಡೀತೈತೋ, ನಾಕು ಹಿಡೀತೈತೋ. ಕೆಲವು ಬರೂದ ಇಲ್ಲ." ಕಂಡಿಕೆ ಸುತ್ತುತ್ತ ಕೇಳಿದ್ದೆ. ಮೀನಿನ ಮಾತೆಂದು ಬಿಟ್ಟಿದ್ದೆ.

ಮಗಳ ಡಿಗ್ರಿ ಮುಗಿದ ವರ್ಷ ಬಾಗಲಕೋಟೆಯಿಂದ ಒಂದು ಸಂಬಂಧ ಬಂತು. ಹುಡುಗ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಮನೆ ತುಂಬ ಶಿಸ್ತಿನದು. ಹುಡುಗನ ತಾಯಿ ಬಂದಾಗಲೆಲ್ಲ ಮೊದಲು ಜಗಲಿಯ ಮುಂದೆ ಕೂತು ಪೂಜೆ ಮಾಡಿಕೊಂಡೇ ನೀರು ಮುಟ್ಟುತ್ತಿದ್ದರು. ಜಗಲಿಯ ಮೇಲೆ ಅಣ್ಣನ ಲಿಂಗವಿದ್ದ ಬೆಳ್ಳಿಯ ಕರಡಿಗೆ, ಬೆಳ್ಳಿಕಾಯಿ, ಇತ್ತು. ನಾವೆಲ್ಲ ನಮ್ಮ ನಮ್ಮದನ್ನು ಕೊರಳಲ್ಲಿ ಕಟ್ಟಿಕೊಂಡವರು. ಹೆಚ್ಚಿನದೊಂದು ಅಲ್ಲಿ ಯಾಕಿದೆ, ಇದು ಯಾರದು ಎಂದು ಅವರು ಕೇಳಿದರೆ? ಅವರ ಎರಡನೆಯ ಭೇಟಿಗೆ ಮೊದಲು ನಾನು ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟೆ. ಅಣ್ಣ ತಮ್ಮಂದಿರು ಎಷ್ಟು ಜನ ಎಂದು ಅವರು ಕೇಳಿದಾಗ, "ನಾ ಒಬ್ಬಾಕೇನ ರೀ" ಎಂದೆ. ಬಾಯಿಂದ ಅದು ಬಹಳ ಸುಲಭವಾಗಿ ಬಂತು.

ಮೇ ತಿಂಗಳ ಕೊನೆಗೆ ಅಣ್ಣನ ಫೋನು ಬಂತು.

"ತಂಗಿ, ಮುಂದಿನ ವಾರ ಬೋಟ್ ಬಂದ್ ಅಕ್ಕಾವ. ನಾ ಸೋಮವಾರ ಬಸ್ ಹತ್ತತೇನಿ. ಕಾರಹುಣ್ಣಿವಿಗೆ ಅಲ್ಲೇ ಇರತೇನಿ."

"ಯಣ್ಣಾ, ಈ ಸಲ ಬರಬ್ಯಾಡ."

"ಯಾಕವಾ? ಅರಾಮ ಇಲ್ಲೇನು?"

"ಅರಾಮ ಅದೇನಿ. ಬೀಗರಾಗವರು ಬರೂದು ಹೋಗೂದು ನಡದೈತಿ. ನೀ ಏನ ಮಾಡತಿ ಅಂತ ಕೇಳಿದ್ರ ನಾ ಏನ ಹೇಳ್ಲಿ? ಎಷ್ಟ ತಿಕ್ಕೊಂಡ್ರೂ ನಿನ್ನ ಮೈ ವಾಸ್ನಿ ಹೋಗೂದಿಲ್ಲ. ಮೀನ ತಿಂದ ಬಾಯಿ ಅದು. ಅವರ ಪಂಗ್ತ್ಯಾಗ ಹೆಂಗ ಕುಂದರಸ್ಲಿ?"

ಆ ಕಡೆಯಿಂದ ಮಂಜುಗಡ್ಡೆ ಪುಡಿಮಾಡುವ ಯಂತ್ರದ ಸದ್ದು ಬರುತ್ತಿತ್ತು. ಕಾಗೆಗಳು ಕೂಗುತ್ತಿದ್ದವು.

"ಎಲ್ಲೀತನಕ ಬರಬ್ಯಾಡ ಅಂತಿ?"

"ಲಗ್ನ ಮುಗ್ಯೂತನಕ."

"ಹಂಗಾರ ಸ್ವಾದರಮಾವನ ಕೆಲಸ ಯಾರ ಮಾಡತಾರ?"

"ದೊಡ್ಡಪ್ಪನ ಮಗ ಅದಾನ."

"ಹೌದು, ಅವ ಅದಾನ. ಆತ ಬಿಡು, ಇಲ್ಲೇ ಬಲಿ ಹೊಲಕೊಂತ ಇರತೇನಿ." ಫೋನಿಡುವ ಮೊದಲು ಕೇಳಿದ: "ಪತ್ರಿ ಏರಸಾಕತ್ತೀಯಿಲ್ಲೋ?"

"ಹೂಂ, ದಿನಾ" ಎಂದೆ. ಟ್ರಂಕಿನ ಮೇಲೆಯೇ ಕೂತಿದ್ದೆ.

ಲಗ್ನ ಚಳಿಗಾಲದಲ್ಲಿ ಬಾಗಲಕೋಟೆಯಲ್ಲಾಯಿತು. ಮಾಮಾ ಯಾಕೆ ಬರಲಿಲ್ಲ ಎಂದು ಮಗಳು ಕೇಳಿದರೆ, ರಜೆ ಸಿಗಲಿಲ್ಲವಂತೆ, ಅವನ ಮಾತು ಬೀಗರ ಮುಂದೆ ಎತ್ತಬೇಡ ಎಂದೆ. ಅವಳು ಮದುಮಗಳ ಸೀರೆಯಲ್ಲೇ ಒಂದು ಮೂಲೆಗೆ ಹೋಗಿ ಅವನಿಗೆ ಫೋನು ಮಾಡಿದಳು. "ಇಲ್ಲಿಂದನ ಅಕ್ಕಿಕಾಳ ಒಗದೇನವಾ. ಸಮುದ್ರದಾಗ ಬಿದ್ದು ಮೀನ ತಿಂದುಬಿಟ್ವು" ಎಂದನಂತೆ. ಅವಳು ನಗುತ್ತ ಬಂದು ನನಗೆ ಹೇಳಿದಳು.

ಮರುವರ್ಷ ಮೇ ತಿಂಗಳಲ್ಲಿ ನಾನೇ ಫೋನು ಮಾಡಿದೆ. "ಯಣ್ಣಾ, ಇನ್ನ ಬಾ. ಎಲ್ಲಾ ಮುಗೀತು."

"ಈ ಸಲ ಮೇಡಮ್ಮಾರದು ಕೆಲಸ ಐತಿ ತಂಗಿ. ಸಣ್ಣ ದೋಣಿಯವರು ದಂಡಿ ಹಂತ್ಯಾಕ ಹಿಡೀತಾರಲ್ಲ, ಅವರ ಮೀನು ಅಳೀಬೇಕು. ಮುಂದಿನ ವರ್ಷ ನೋಡೂಣು."

ಸಿಟ್ಟಿನಿಂದ ಹೇಳಿದ್ದರೆ ಬೈದು ಅತ್ತು ಕರೆಯಬಹುದಿತ್ತು. ದನಿಯಲ್ಲಿ ಸಿಟ್ಟು ಇರಲೇ ಇಲ್ಲ. ಆ ಜೂನಿನಲ್ಲಿ ಹಿತ್ತಲಿನ ಗೋಡೆಯ ಮೇಲೆ ಬೋರಲಿದ್ದ ತಾಟಿನ ಮೇಲೆ ಎಲೆ ಬಿದ್ದು ಕೊಳೆತವು. ಮೊದಲೆಲ್ಲ ಪಂಚಮಿಗೆ ಅವನು ಇರದಿದ್ದರೂ ಹೊರಡುವ ಮೊದಲೇ ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಹೋಗುತ್ತಿದ್ದ. ಅದನ್ನು ಕಟ್ಟುವವರೂ ಇಲ್ಲ. ಮಗಳು ಗಂಡನ ಮನೆಗೆ ಹೋಗಿದ್ದಳು. ಗಂಡ ಮಾತು ಕಡಿಮೆಯವನು. ಇಡೀ ಮಳೆಗಾಲ ಮನೆಯಲ್ಲಿ ಲಾಳಿಯ ಸದ್ದೊಂದೇ. ನಾನು ಉಂಡೆ ಕಟ್ಟಿ, ಕಟಕರೊಟ್ಟಿ ಮಾಡಿ, ಶೇಂಗಾ ಚಟ್ನಿಪುಡಿ ಕುಟ್ಟಿ, ಹುನಗುಂದ ಕಡೆಯ ಅವನ ಜೊತೆಗಾರನ ಕೈಯಲ್ಲಿ ಕಳಿಸಿದೆ. ರೊಟ್ಟಿ ಚಟ್ನಿಯನ್ನು ಪ್ರತಿ ವರ್ಷ ಕಳಿಸುತ್ತಿದ್ದೆ. ಅಷ್ಟೊಂದು ಯಾಕೆ ಬೇಕೆನ್ನುತ್ತಾನೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ನೀನ ಬಾ" ಎನ್ನುತ್ತಿದ್ದ ಫೋನಿನಲ್ಲಿ. "ಈಗ ಹೆಣ್ಣಮಕ್ಕಳಿಗೆ ಬಸ್ ಪುಕ್ಕಟ ಅಲ್ಲೇನು? ಒಮ್ಮೆರ ಸಮುದ್ರ ನೋಡಿಹೋಗು."

"ಬರತೇನಿ, ಬರತೇನಿ."

ಆ ಪುಕ್ಕಟೆ ಬಸ್ಸಿನಲ್ಲಿ ನಾನು ಓಣಿಯ ಹೆಂಗಸರ ಜೊತೆ ತುಳಸಿಗೇರಿಯ ಹನುಮಪ್ಪನಿಗೆ ಹೋದೆ. ಬಾದಾಮಿಯಲ್ಲಿ ನಾದಿನಿಯ ಮನೆಗೆ ನಾಲ್ಕು ಸಲ ಹೋದೆ. ಬೀಗರ ಮನೆಗಂತೂ ಲೆಕ್ಕವಿಲ್ಲ. ಮಲ್ಪೆಗೆ ಹೋಗಲಿಲ್ಲ. ಪ್ರತಿ ಸಲ ಫೋನಿಡುವ ಮೊದಲು ಅವನು ಪತ್ರಿಯ ಮಾತು ಕೇಳುತ್ತಿದ್ದ, ನಾನು ಹೂಂ ಎನ್ನುತ್ತಿದ್ದೆ. ಟ್ರಂಕು ತೆಗೆದು ಲಿಂಗವನ್ನು ಜಗಲಿಗೆ ಇಡಲು ಎಷ್ಟು ಹೊತ್ತು ಬೇಕಿತ್ತು? ಇವತ್ತು ಇಟ್ಟರೆ ಇಷ್ಟು ದಿನ ಎಲ್ಲಿತ್ತೆಂದು ಗಂಡ ಕೇಳುತ್ತಾನೆ, ಬೀಗತಿ ಬಂದಾಗ ನೋಡುತ್ತಾರೆ. ಹೀಗೆ ದಿನ ದೂಡಿದೆ. ಮೂರು ವರ್ಷ ಅದು ಅಲ್ಲೇ ಇತ್ತು.

ಮೂರನೆಯ ಮಳೆಗಾಲ, ಜುಲೈ ತಿಂಗಳು. ಮೀನಿನ ಸೂಟಿ ಇನ್ನೂ ಮುಗಿದಿರಲಿಲ್ಲ. ಒಂದು ಮಧ್ಯಾಹ್ನ ಜೊತೆಗಾರನ ಫೋನು ಬಂತು. "ಅಕ್ಕಾರ, ಅಣ್ಣಗ ನಾಕ ದಿನದಿಂದ ಜ್ವರ ಇದ್ವು. ನಿಮಗ ತಿಳಸಬ್ಯಾಡ ಅಂದಾ. ದವಾಖಾನಿಗೆ ಒಯ್ದಿದ್ವಿರಿ..." ಮುಂದೆ ಅವನಿಗೆ ಹೇಳಲಾಗಲಿಲ್ಲ. ನನಗೂ ಕೇಳಬೇಕಾಗಿರಲಿಲ್ಲ.

ಮರುದಿನ ಮುಂಜಾನೆ ನಾನೂ ಗಂಡನೂ ಮಲ್ಪೆ ಮುಟ್ಟಿದೆವು. ನಾನು ಸಮುದ್ರ ನೋಡಿದ್ದು ಅಂದೇ ಮೊದಲು. ಮಳೆ ಸುರಿಯುತ್ತಿತ್ತು. ಬೋಟುಗಳೆಲ್ಲ ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ಸುಮ್ಮನೆ ನಿಂತಿದ್ದವು. ಆಚೆಗೆ ನೀರು ಕಂದು ಬಣ್ಣಕ್ಕೆ ತಿರುಗಿ ಗದ್ದಲ ಮಾಡುತ್ತಿತ್ತು. ಅದರೊಳಗೆ ಎಲ್ಲೋ ತತ್ತಿಗಳು ತೇಲುತ್ತಿವೆ ಎಂದು ಅವನಿದ್ದರೆ ತೋರಿಸುತ್ತಿದ್ದ.

ಅವನ ಸಾಮಾನು ತೆಗೆದುಕೊಳ್ಳಲು ಜೊತೆಗಾರ ನಮ್ಮನ್ನು ಅವನ ಖೋಲಿಗೆ ಕರೆದೊಯ್ದ. ಒಂದು ಚಾಪೆ, ಒಂದು ಸ್ಟೋವು, ಅಳತೆಯ ಹಲಗೆ, ವಹಿಗಳು. ಗೋಡೆಯ ಗೂಟಕ್ಕೆ ನಾನು ಕಳಿಸಿದ್ದ ರೊಟ್ಟಿಯ ಗಂಟು ತೂಗುತ್ತಿತ್ತು. ಕೆಳಗೆ ಚಟ್ನಿಪುಡಿಯ ಡಬ್ಬಿ, ಅರ್ಧ ಖಾಲಿ.

"ಇದರ ಮ್ಯಾಲ ಇದ್ದಾ ನೋಡ್ರಿ ಅಣ್ಣ" ಎಂದ ಜೊತೆಗಾರ. "ಬೋಟಿನ್ಯಾಗ ನಾವೆಲ್ಲ ಮೀನಸಾರ ಉಣ್ಣುವಾಗ ಇವಾ ಒಂದ ಮೂಲ್ಯಾಗ ಕುಂತು ರೊಟ್ಟಿ ಮುರೀತಿದ್ದಾ. ಇಲ್ಲಿ ಮಂದಿ ಇವಗ ಭಟ್ರ ಅಂತ ಹೆಸರಿಟ್ಟಿದ್ರು. ಆ ಬೋಟಿನ ಮಾಲೀಕ ಬಿಡಸಿದಾಗ ಏನಂದಾ ಗೊತ್ತೇನ್ರಿ? ಸೊಪ್ಪು ತಿನ್ನುವವ ನಮಗೆ ಮೀನು ಕಲಿಸುದಾ ಅಂದಾ."

"ಅಂದ್ರ?" ಎಂದೆ.

"ಮೂವತ್ತ ವರ್ಷದಾಗ ಒಂದ ತುಂಡ ಮೀನು ಬಾಯಾಗ ಹಾಕಿಲ್ಲರಿ ಅಕ್ಕಾರ. ನಾವ ಚಾಷ್ಟಿ ಮಾಡತಿದ್ವಿ, ಇಲ್ಲಿ ನೋಡವರು ಯಾರದಾರ, ತಿನ್ನೋ ಅಂತ. ತಂಗಿ ನನ್ನ ಲಿಂಗಕ್ಕ ದಿನಾ ಪತ್ರಿ ಏರಸತಾಳಲೇ, ಆಕೀಗೆ ಮೋಸ ಮಾಡಬಾರದು ಅಂತಿದ್ದಾ."

ನಾನು ಆ ಚಾಪೆಯ ಮೇಲೆ ಕೂತುಬಿಟ್ಟೆ. ಮೀನ ತಿಂದ ಬಾಯಿ ಎಂದು ನಾನು ಫೋ‌ನಿನಲ್ಲಿ ಅಂದಾಗ ಇಲ್ಲ ಎನ್ನಲು ಅವನಿಗೆ ಒಂದೇ ಮಾತು ಸಾಕಿತ್ತು. ಅವನು ಅನ್ನಲಿಲ್ಲ. ಬಹಳ ದಿನ ಇದೊಂದನ್ನೇ ನೆನೆದು ಅತ್ತಿದ್ದೇನೆ. ಈಗ ಇನ್ನೊಂದೂ ತಿಳಿದಿದೆ. ತಿಂದಿದ್ದರೂ ಅವನು ನನ್ನ ಅಣ್ಣನೇ. ಅದು ನನಗೆ ಗೊತ್ತಾಗಲು ಅವನು ತಿಂದಿಲ್ಲವೆಂಬ ಸಾಕ್ಷಿ ಬೇಕಾಗಬಾರದಿತ್ತು.

ಮೇಡಂ ಕೊಡೆ ಹಿಡಿದು ಬಂದರು. ವಹಿಗಳನ್ನು ತಮಗೆ ಕೊಡಬಹುದೇ ಎಂದು ಬಹಳ ಸಂಕೋಚದಿಂದ ಕೇಳಿದರು. "ನಿಮ್ಮಣ್ಣ ಬರೆದದ್ದರಲ್ಲಿ ಒಂದು ಅಳತೆಯೂ ಸುಳ್ಳಿಲ್ಲ ಅಕ್ಕಾ. ಇಷ್ಟು ಉದ್ದಕ್ಕಿಂತ ಸಣ್ಣ ಬಂಗುಡೆ ದಡಕ್ಕೆ ತರಬಾರದು ಅಂತ ಈಗ ನಿಯಮ ಬಂದಿದೆ ನೋಡಿ, ನಾವು ಕೊಟ್ಟ ಲೆಕ್ಕದಲ್ಲಿ ಇವರ ವಹಿಯೂ ಇತ್ತು." ನಾನು ಒಂದು ವಹಿ ತೆರೆದು ನೋಡಿದೆ. ನನ್ನ ಬಗ್ಗೆ ಏನಾದರೂ ಇರಬಹುದೆಂದು ಹುಡುಕಿದೆ. ಒಂದಕ್ಷರವೂ ಇರಲಿಲ್ಲ. ಪುಟದ ತುಂಬ ಮೀನಿನ ಉದ್ದ, ಪಕ್ಕದಲ್ಲಿ ಅವನ ಗುಂಡು ಅಕ್ಷರದಲ್ಲಿ "ತತ್ತಿ ಐತಿ", "ಇಟ್ಟೈತಿ", "ಇನ್ನೂ ಸಣ್ಣದು". ಎಲ್ಲವನ್ನೂ ಅವರಿಗೇ ಕೊಟ್ಟೆ.

"ಇಲ್ಲೇ ಮಣ್ಣ ಮಾಡೂಣು" ಎಂದ ಗಂಡ, ಮೆಲ್ಲಗೆ. "ಊರಿಗೆ ಒಯ್ದರ ಬೀಗರಿಗೆ ಏನ ಹೇಳತಿ?"

"ಇದ್ದದ್ದ ಹೇಳತೇನಿ" ಎಂದೆ.

ದವಾಖಾನೆಯಿಂದ ಅವನನ್ನು ಇಳಕಲ್ಲಿಗೆ ತಂದೆವು. ಹಿತ್ತಲಿಗೆ ಒಯ್ಯಲು ಬಿಡಲಿಲ್ಲ. ಮುಂದಿನ ಬಾಗಿಲಿನಿಂದ ಒಳಗೆ ತಂದು, ಮಗ್ಗದ ಕಂಬಕ್ಕೆ ಬೆನ್ನು ಕೊಟ್ಟು ಕೂರಿಸಿದೆವು. ಮಗಳು, ಅಳಿಯ, ಬೀಗರು ಬಾಗಲಕೋಟೆಯಿಂದ ಬಂದರು. ಬೀಗತಿ ಹೆಣದ ಮುಖ ನೋಡಿದರು, ನನ್ನ ಮುಖ ನೋಡಿದರು.

"ನಿಮಗ ಅಣ್ಣ ಇದ್ದದ್ದ ನಮಗ ಗೊತ್ತ ಇದ್ದಿದ್ದಿಲ್ಲವಲ್ರಿ."

"ನಾನ ಮುಚ್ಚಿಟ್ಟಿದ್ದೆರಿ. ಬಂದರದಾಗ ಮೀನಿನ ಕೆಲಸ ಮಾಡತಿದ್ದಾ."

ಅವರು ನನ್ನ ಕಿವಿಯ ಹತ್ತಿರ ಬಂದು, "ಹುಚ್ಚಿ ಅದೀರಿ ನೀವು. ನಮ್ಮನಿಯವರು ಆಲಮಟ್ಟಿ ಕಡೆ ಹ್ವಾದಾಗೊಮ್ಮೆ ಧಾಬಾದಾಗ ಮೀನ ತಿಂದ ಬರ್ತಾರ. ಬಾಯಾಗ ಯಾಲಕ್ಕಿ ಹಾಕ್ಕೊಂಡ ಬಂದ್ರ ನನಗ ತಿಳ್ಯೂದಿಲ್ಲೇನು?" ಎಂದರು. ಅವರ ಕಣ್ಣಲ್ಲೂ ನೀರಿತ್ತು. ನಾನು ಅಣ್ಣನನ್ನು ಯಾರಿಗೆ ಹೆದರಿ ದೂರ ಇಟ್ಟಿದ್ದೆನೋ ಅವರ ಮಾತು ಇಷ್ಟೇ ಆಗಿತ್ತು.

ಮಠದ ಅಯ್ಯನವರು ಬಂದು ವಿಭೂತಿ ಹಚ್ಚಿದರು. ಪತ್ರಿ ಮುಡಿಸಿದರು. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತೇವೆ, ಎಡಗೈಯಲ್ಲಿ ಅವರ ಲಿಂಗ ಇಟ್ಟು. ಅಯ್ಯನವರು ಅಣ್ಣನ ಬರಿಗೊರಳು ನೋಡಿ ಕೇಳಿದರು: "ಇವರ ಲಿಂಗ ಎಲ್ಲೈತವಾ?"

ಎಲ್ಲರೂ ಜಗಲಿಯ ಕಡೆ ನೋಡಿದರು. ನಾನು ಎದ್ದು ಟ್ರಂಕಿನ ಹತ್ತಿರ ಹೋದೆ. ಮುಚ್ಚಳ ಎತ್ತಿ, ಹಳೆಯ ಸೀರೆಗಳನ್ನು ಒಂದೊಂದಾಗಿ ತೆಗೆದು, ತಳದಿಂದ ಆ ಗಂಟನ್ನು ತೆಗೆದೆ. ಬೆಳ್ಳಿಕಾಯಿ ಕಪ್ಪಿಟ್ಟಿತ್ತು.

"ಅವ್ವಾ," ಎಂದಳು ಮಗಳು. "ಟ್ರಂಕಿನ್ಯಾಗೇನ?"

ಅಷ್ಟು ಜನರ ನಡುವೆ ಅವಳ ದನಿ ಸಣ್ಣದಾಗಿತ್ತು. ಸೆರಗಿನಿಂದ ಬೆಳ್ಳಿ ಒರೆಸಿದೆ, ಕಪ್ಪು ಹೋಗಲಿಲ್ಲ. ಹೊಸ ಶಿವದಾರ ತರಿಸಿ ಅಣ್ಣನ ಕೊರಳಿಗೆ ನಾನೇ ಕಟ್ಟಿದೆ. ಕೊರಳಲ್ಲಿ ಗೆರೆ ಇರಲಿಲ್ಲ. ಮೂರು ವರ್ಷದ ಬಿಸಿಲು ಅದನ್ನು ಪೂರ್ತಿ ಅಳಿಸಿತ್ತು.

ಹೊಲದಲ್ಲಿ, ಗುಣಿಯೊಳಗೆ ಅವನನ್ನು ಕೂರಿಸಿದ ಮೇಲೆ, ಮಣ್ಣು ಎಳೆಯುವ ಮೊದಲು ನಾನು ದಡದಲ್ಲಿ ಮೊಣಕಾಲೂರಿದೆ. ಅಯ್ಯನವರು ಅವನ ಎಡಗೈ ಬಿಡಿಸಿ ಲಿಂಗ ಇಟ್ಟರು. ಬಲೆಯ ಹುರಿ ಕೊಯ್ದು ಕೊಯ್ದು ಆ ಅಂಗೈಯೆಲ್ಲ ಗೆರೆಗೆರೆಯಾಗಿತ್ತು. ನನ್ನ ಕೈಯಲ್ಲಿ ಒಂದು ಪತ್ರಿ ಇತ್ತು. ಬಗ್ಗಿ ಅದನ್ನು ಲಿಂಗದ ಮೇಲೆ ಏರಿಸಿದೆ. ಗಂಡ, ಮಗಳು, ಬೀಗರು, ಓಣಿಯವರು ಎಲ್ಲ ಸುತ್ತ ನಿಂತಿದ್ದರು. ಅವರಿಗೆಲ್ಲ ಕೇಳಿಸುವ ಹಾಗೆ ಹೇಳಿದೆ:

"ಯಣ್ಣಾ, ಬರಬ್ಯಾಡ ಅಂದಾಕಿ ನಾನ. ದಿನಾ ಏರಸತೇನಿ ಅಂದದ್ದೂ ಸುಳ್ಳ. ಮೂರ ವರ್ಷದಾಗ ಇದೊಂದ ಪತ್ರಿ. ತಪ್ಪಾತೋ ಯಣ್ಣಾ, ತಪ್ಪಾತು."